ಗಾಳಿಮರೆ

ಭಾನುವಾರ. ಅಸ್ಮಾರಾದ ಕಾಫಿ ಯಂತ್ರಗಳು
ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ
ನಾವು ಆರು ಜನ ದೆಕೆಮ್ಹರೆಯ ದಾರಿ ಹಿಡಿಯುತ್ತೇವೆ.
ಔಷಧದಂಗಡಿಯ ತೆಸ್ಫಾಲಿದೆತ್ ಮುಂದೆ, ಯಾವತ್ತೂ ಮುಂದೆ;
ಅವನ ಸೈಕಲ್ಲಿಗಿಂತ ಮಾತಿಗೆ ಗೇರು ಜಾಸ್ತಿ.
ಅವಳಿಗಳು ಯೊರ್ದಾನೋಸ್, ಫ್ರೆವೈನಿ,
ಆಮೇಲೆ ಹದಿನೇಳರ ರಿಶಾನ್,
ಮಗಳ ಹಿಂದಿನ ಚಕ್ರ ಬಿಟ್ಟು ಬೇರೇನೂ ನೋಡದ
ಭೂಗೋಳದ ಮೇಷ್ಟ್ರು ಮೆಹ್ರೆತಾಬ್,
ಕೊನೆಗೆ ನಾನು, ಅಂಚೆ ಕಚೇರಿಯ ಸಾಬಾ,
ಪಂಪು, ತೇಪೆ, ಎರಡು ಟ್ಯೂಬು ಹೊತ್ತವಳು.
ಯಾರ ಗಾಳಿ ಹೋದರೂ ಮೊದಲು ಕೇಳುವುದು ನನಗೆ.

ಊರು ಮುಗಿದದ್ದು ಮೂಗಿಗೆ ಗೊತ್ತಾಗುತ್ತದೆ:
ನೀಲಗಿರಿ ಎಲೆ, ಕತ್ತೆಲದ್ದಿ, ಒದ್ದೆ ಕಲ್ಲು.
ಮಳೆಗಾಲ ಈಗಷ್ಟೇ ಕೈ ತೊಳೆದು ಎದ್ದಿದೆ.
ಗುಡ್ಡದ ಮೆಟ್ಟಿಲು ಹೊಲಗಳಲ್ಲಿ ಬಾರ್ಲಿ,
ಬದುವಿನುದ್ದ ಯಾರೂ ಬಿತ್ತದ ಹಳದಿ ಹೂ,
ಪಾಪಾಸುಕಳ್ಳಿಯ ಕಡೆಯ ಹಣ್ಣುಗಳನ್ನು
ಎಣ್ಣೆ ಡಬ್ಬಿಯಲ್ಲಿಟ್ಟು ಕೂತ ಹುಡುಗಿ
ಹಲ್ಲಿನಿಂದ ಬೆರಳ ಮುಳ್ಳು ಕೀಳುತ್ತಿದ್ದಾಳೆ.
ಇಗರ್ಜಿಯಿಂದ ಮರಳುವ ಬಿಳಿ ಹೊದ್ದ ಅಜ್ಜಿಯರು
ಕೈಯೆತ್ತಿ ಕೂಗುತ್ತಾರೆ: ಅಜೋಖುಮ್!
ಧೈರ್ಯ, ಮಕ್ಕಳೇ, ಧೈರ್ಯ!
ಇಳಿಜಾರಿನಲ್ಲೂ ಕೂಗುತ್ತಾರೆ.
ಇಳಿಯುವವರಿಗೂ ಅದು ಬೇಕೆಂದು
ಆ ವಯಸ್ಸಿಗೆ ತಿಳಿದಿರುತ್ತದೆ.

ಬಯಲು ಬಂತು. ಗಾಳಿ ಬಂತು.
ಬಯಲಲ್ಲಿ ಗಾಳಿಯೇ ಗುಡ್ಡ.
ಆಗ ನಾವು ದಾರಕ್ಕೆ ಪೋಣಿಸಿದ ಹಾಗೆ ಒಂದೇ ಸಾಲು;
ಒಬ್ಬರ ಬೆನ್ನು ಇನ್ನೊಬ್ಬರಿಗೆ ಮರೆ.

ಮೆಹ್ರೆತಾಬನ ಹಿಂದೆ, ನನ್ನ ಮುಂದೆ,
ಒಂದು ಸೈಕಲ್ಲಿನಷ್ಟು ಜಾಗ ಖಾಲಿ.
ಅಲ್ಲಿ ಇಪ್ಪತ್ತೊಂದು ವರ್ಷ ಕಿದಾನೆ ಇದ್ದ,
ಗ್ರೀಸಿನ ಉಗುರುಗಳ, ಹಿತ್ತಾಳೆ ಗಂಟೆಯ ಮುದುಕ.
'ಸುಸ್ತಾದರೆ ಪೆಡಲು ನೋಡಬೇಡ, ನನ್ನ ಬೆನ್ನು ನೋಡು' ಅನ್ನುತ್ತಿದ್ದ.
ಉಪವಾಸದ ದಿನಗಳಲ್ಲಿ ತೀರಿಕೊಂಡ.
ಕೈ ಹಾಕಿದ್ದ ಸೈಕಲ್ಲು ಅರ್ಧ ಬಿಚ್ಚಿದ ಹಾಗೇ ಇತ್ತು.
ಒಂದು ಮಾರು ಮುಂದೆ ಸರಿದರೆ ಸಾಕು,
ಮೆಹ್ರೆತಾಬನದು ಕದದಷ್ಟಗಲ ಬೆನ್ನು.
ಸರಿದಿಲ್ಲ ನಾನು.
ಆರು ತಿಂಗಳಿಂದ ಗಾಳಿ ನೇರ ಎದೆಗೇ.
'ಸಾಬಾಗೆ ವಯಸ್ಸಾಯ್ತು' ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಅವನು ಎಲ್ಲಿಂದ ಸೇರಿದನೋ ಗೊತ್ತಾಗಲಿಲ್ಲ.
ಹತ್ತೋ ಹನ್ನೊಂದೋ ವಯಸ್ಸು, ಪ್ಲಾಸ್ಟಿಕ್ ಚಪ್ಪಲಿ,
ಅಪ್ಪನ ಕಾಲದ ಸೈಕಲ್ಲು, ಸೀಟಿಗೆ ಕುಂಡಿ ಎಟಕುವುದಿಲ್ಲ,
ಹಿಂದೆ ರಬ್ಬರು ಪಟ್ಟಿಯಲ್ಲಿ ಬಿಗಿದ
ಇಪ್ಪತ್ತು ಲೀಟರಿನ ಹಳದಿ ಕ್ಯಾನು.
ಪಕ್ಕಕ್ಕೆ ಬಂದ, ನಮ್ಮ ಸಾಲನ್ನು ಒಮ್ಮೆ ಓದಿದ,
ಕೇಳಲಿಲ್ಲ, ಖಾಲಿಯಿತ್ತು, ನುಗ್ಗಿದ.
ಬೈಯಲು ಬಾಯಿ ತೆರೆದೆ.
ಗಾಳಿ ನಿಂತುಹೋಯಿತು.

ಆ ಪುಟ್ಟ ಬೆನ್ನು, ಆ ದಪ್ಪ ಕ್ಯಾನು,
ಅವುಗಳ ಹಿಂದೆ ನನ್ನ ಮುಖದಷ್ಟು ನಿಶ್ಶಬ್ದ.
ಮುಚ್ಚಳ ಸಡಿಲವಿತ್ತೇನೋ, ಗುಂಡಿಗೊಮ್ಮೆ
ನೀರು ಚಿಮ್ಮಿ ಕನ್ನಡಕಕ್ಕೆ, ತುಟಿಗೆ.
ಸವುಳು, ಕಬ್ಬಿಣದ ರುಚಿ.
ಏರು ಬಂದಾಗ ಎದ್ದು ನಿಂತು ತುಳಿದ;
ಸರಪಳಿ ಹಸಿದ ಬೆಕ್ಕಿನಂತೆ ಕಿರುಚಿತು.
ಮುಂದಿನಿಂದ ತೆಸ್ಫಾಲಿದೆತ್ ತಿರುಗಿ ನೋಡಿ
'ಯಾರದು?' ಅಂದ, ವೇಗ ಹೆಚ್ಚಿಸಿದ.
ಹುಡುಗನೂ ಹೆಚ್ಚಿಸಿದ.
ಮೊದಲು ಮಾತು ನಿಲ್ಲಿಸಿದ್ದು ಔಷಧದಂಗಡಿ.

ನೆತ್ತಿಯಲ್ಲಿ ಎಡಕ್ಕೊಂದು ಮಣ್ಣುಹಾದಿ,
ಕಲ್ಲುಮನೆ, ಗೂಟಕ್ಕೆ ಕಟ್ಟಿದ ಕತ್ತೆ.
ಕೈ ತೋರಿಸದೆ, ತಿರುಗಿ ನೋಡದೆ ಹೊರಳಿದ;
ನೀರು ತರಲು ಹೋದವನು ನೀರು ತಂದ, ಅಷ್ಟೆ.
ನನ್ನ ಬಳಿ ಎಣ್ಣೆಯಿತ್ತು, ಆ ಸರಪಳಿಗೆ ಎರಡು ಹನಿ.
ಕೂಗಬೇಕೆಂದೆ, ಹೆಸರು ಗೊತ್ತಿಲ್ಲ,
ಇಳಿಜಾರು ಶುರುವಾಗಿತ್ತು.

ದೆಕೆಮ್ಹರೆಯಲ್ಲಿ ಚಹಾ, ಬಿಸಿ ಬ್ರೆಡ್ಡು, ಜಗಳ:
ಏರಿನಲ್ಲಿ ಯಾರು ಯಾರನ್ನು ಕಾದರು ಎಂದು.
ವಾಪಸು ಬರುವಾಗ ರಿಶಾನ್ ನನ್ನ ಪಕ್ಕ ಬಂದು
'ಮುಂದೆ ಸರೀರಿ, ಗಾಳಿ ಹೊಡೆಯಲ್ವಾ?' ಅಂದಳು.
ಬರಬಹುದು ಯಾರಾದರೂ, ಅಂದೆ.

ಸೋಮವಾರ ಕೌಂಟರಿನಲ್ಲಿ ಅಂಚೆಚೀಟಿ ಎಣಿಸುವಾಗ
ಕನ್ನಡಕದ ಬಲಗಾಜಿನಲ್ಲಿ ಒಣಗಿದ ಮೂರು ಬಿಳಿ ಚುಕ್ಕೆ.
ಒರೆಸಲು ಸೆರಗಿನ ತುದಿ ಹಿಡಿದೆ,
ಸಾಲಿನಲ್ಲಿದ್ದವರು ಕೆಮ್ಮಿದರು,
'ಮುಂದಿನವರು' ಅಂದೆ.